ಕಂಪನಿಯ ಕಡತ ನಮ್ಮ ಫೋನಿನಲ್ಲಿ: ಸುರಕ್ಷಿತವಾಗಿ ತೆರೆಯುವುದು ಹೇಗೆ?



ನಮ್ಮ ಸುದ್ದಿಪತ್ರದಲ್ಲಿ ಕಂಪ್ಯೂಟರ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ವಿಜ್ಞಾನ ವಿಭಾಗದವರು. ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಆದರೂ ಈ ವಿಷಯ ಬರೆಯಲು ಹೊರಟಿದ್ದೇನೆ. ಅದಕ್ಕೆ ಕಾರಣ ನಾನೇ ಮಾಡಿದ ಒಂದು ತಪ್ಪು. ಆ ತಪ್ಪಿನಿಂದ ನನ್ನ ಆಪಾಗೆ ಕಂಪನಿಯಿಂದ ಎಚ್ಚರಿಕೆ ಪತ್ರ ಬಂತು. ಇನ್ನೆರಡು ಮೂರು ವರ್ಷಗಳಲ್ಲಿ ನಮ್ಮಲ್ಲಿ ಅನೇಕರು ಯಾವುದಾದರೂ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿರುತ್ತೇವೆ. ಆಗ ನೀವು ಇದೇ ತಪ್ಪು ಮಾಡದಿರಲಿ ಎಂದು ಎಲ್ಲವನ್ನೂ ಕ್ರಮವಾಗಿ ಬರೆಯುತ್ತಿದ್ದೇನೆ. ನಮ್ಮ ಮನೆಯ ಮಾತು ಉರ್ದು. ಬರವಣಿಗೆಯಲ್ಲಿ ಎಲ್ಲಾದರೂ ಎಡವಿದ್ದರೆ ತಿದ್ದಿ ಓದಿಕೊಳ್ಳಿ.

ನಡೆದ ಸಂಗತಿ

ಆಪಾ ಬಿ.ಕಾಂ. ಮುಗಿಸಿ ಪಂಪ್‌ಸೆಟ್ ಮತ್ತು ಪೈಪ್ ಮಾರುವ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಾರೆ. ಈ ವರ್ಷ ಅಮ್ಮಿಗೆ ಬೆನ್ನಿನ ಆಪರೇಷನ್ ಆಯಿತು. ಡಾಕ್ಟರು ಮೂರು ವಾರ ಹಾಸಿಗೆ ಬಿಟ್ಟು ಏಳಬಾರದು ಎಂದರು. ಅಬ್ಬಾ ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಹೆಚ್ಚು ದಿನ ಊರಲ್ಲಿರುವುದಿಲ್ಲ. ಹಾಗಾಗಿ ಆಪಾ ಮನೆಯಲ್ಲೇ ಉಳಿಯಬೇಕಾಯಿತು. ಕಂಪನಿಯವರು "ಮನೆಯಿಂದಲೇ ಕೆಲಸ ಮಾಡಿ, ತಿಂಗಳ ಬಿಲ್ಲುಗಳನ್ನು ತಾಳೆ ನೋಡಿ ಕೊಡಿ" ಎಂದರು. ಮುಂದಿನ ತಿಂಗಳ 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 ಸಲ್ಲಿಸಬೇಕಲ್ಲ, ಆ ಕೆಲಸ ನಿಲ್ಲುವಂತಿರಲಿಲ್ಲ. ಆದರೆ ಬಿಲ್ಲುಗಳೆಲ್ಲ ಇದ್ದದ್ದು ಆಫೀಸಿನ ಸರ್ವರ್‌ನಲ್ಲಿ. ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ. ಇದ್ದದ್ದು ಆಪಾ ಅವರ ಫೋನ್ ಒಂದೇ.

ನಾನು ಬುದ್ಧಿವಂತನಂತೆ ಒಂದು ಉಪಾಯ ಹೇಳಿದೆ. ಆಪಾ ಒಂದು ಸಂಜೆ ಆಫೀಸಿಗೆ ಹೋಗಿ ಎರಡು ಎಕ್ಸೆಲ್ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದರು. ನಾನು ಅವನ್ನು ನನ್ನ ಸ್ವಂತ ಉಚಿತ ಕ್ಲೌಡ್ ಖಾತೆಗೆ ಏರಿಸಿದೆ. ಆಪಾ ಫೋನಿನಲ್ಲಿ ಸುಲಭವಾಗಿ ತೆರೆಯಲಿ ಎಂದು "ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು" ಎಂಬ ಆಯ್ಕೆ ಒತ್ತಿದೆ. ಒಂದು ದಿನ ಒಬ್ಬ ಡೀಲರ್ ತನ್ನ ಬಾಕಿ ಎಷ್ಟೆಂದು ಕೇಳಿದರು. ಆಪಾ ಅಮ್ಮಿಗೆ ಮಾತ್ರೆ ಕೊಡುವ ಗಡಿಬಿಡಿಯಲ್ಲಿ ಅವರ ಪುಟವನ್ನು ಕಳಿಸುವ ಬದಲು ಆ ಲಿಂಕನ್ನೇ ಕಳಿಸಿಬಿಟ್ಟರು. ಆ ಡೀಲರ್ ಎಲ್ಲ ಡೀಲರುಗಳ ಬಾಕಿಯನ್ನೂ ರಿಯಾಯಿತಿ ದರವನ್ನೂ ನೋಡಿ ನೇರವಾಗಿ ಮ್ಯಾನೇಜರಿಗೆ ಫೋನ್ ಮಾಡಿದರು: "ಅವರಿಗೆ ಶೇಕಡಾ 6, ನನಗೆ ಮಾತ್ರ 4 ಯಾಕೆ?"

ಮರುದಿನ ಪತ್ರ ಬಂತು. ಇನ್ನೊಮ್ಮೆ ಹೀಗಾದರೆ ಅಮಾನತು ಮಾಡಲಾಗುವುದು ಎಂದು ಅದರಲ್ಲಿತ್ತು. ನಮ್ಮ ಮನೆಯಲ್ಲಿ 'ಅಮಾನತ್' ಎಂದರೆ ಬೇರೆಯವರು ನಂಬಿ ನಮ್ಮ ಬಳಿ ಇಟ್ಟ ವಸ್ತು. ಕನ್ನಡದಲ್ಲಿ ಅದೇ ಪದಕ್ಕೆ ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದು ಎಂಬ ಅರ್ಥವೂ ಇದೆ. ಅಮ್ಮಿ ಪತ್ರ ಓದಿಸಿಕೊಂಡು, "ಅಮಾನತ್ ಕಾಪಾಡದಿದ್ದರೆ ಅಮಾನತು" ಎಂದಷ್ಟೇ ಹೇಳಿ ಮುಖ ಆ ಕಡೆ ತಿರುಗಿಸಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸರ್ವರ್ ಎಂದರೇನು, ಹೊರಗಿನಿಂದ ಏಕೆ ಸಿಗುವುದಿಲ್ಲ?

ಸರ್ವರ್ ಎಂದರೆ ಎಲ್ಲರ ಕಡತಗಳನ್ನೂ ಒಂದೇ ಕಡೆ ಇಟ್ಟುಕೊಂಡು, ಕೇಳಿದವರಿಗೆ ಅವರವರ ಹಕ್ಕಿನ ಪ್ರಕಾರ ಕೊಡುವ ಕಂಪ್ಯೂಟರ್. ವಿಂಡೋಸ್ ಕಂಪ್ಯೂಟರುಗಳಿರುವ ಆಫೀಸುಗಳಲ್ಲಿ ಹಂಚಿಕೊಂಡ ಫೋಲ್ಡರ್ ತೆರೆಯಲು ಸಾಮಾನ್ಯವಾಗಿ ಬಳಸುವ ಭಾಷೆಯ ಹೆಸರು ಎಸ್‌ಎಂಬಿ. ಅದು 445ನೇ ಪೋರ್ಟಿನಲ್ಲಿ ಕೆಲಸ ಮಾಡುತ್ತದೆ. ಪೋರ್ಟ್ ಎಂದರೆ ಒಂದೇ ಕಟ್ಟಡದಲ್ಲಿರುವ ಬೇರೆ ಬೇರೆ ಕೌಂಟರ್‌ಗಳ ಸಂಖ್ಯೆ ಎಂದು ತಿಳಿದರೆ ಸಾಕು.

ಆಫೀಸಿನೊಳಗೆ ಸರ್ವರ್‌ಗೆ 192.168 ಅಥವಾ 10 ಎಂದು ಶುರುವಾಗುವ ವಿಳಾಸ ಇರುತ್ತದೆ. ಇವು ಖಾಸಗಿ ವಿಳಾಸಗಳು. ಇಂಟರ್‌ಕಾಮ್ ಸಂಖ್ಯೆಯ ಹಾಗೆ. ನಮ್ಮ ಕಾಲೇಜಿನ ಒಳಗೆ 23 ಒತ್ತಿದರೆ ಗ್ರಂಥಾಲಯಕ್ಕೆ ಗಂಟೆ ಹೊಡೆಯಬಹುದು, ಮನೆಯಿಂದ 23 ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ. ಹಾಗೆಯೇ ಮನೆಯಿಂದ ಆ ವಿಳಾಸ ಹಾಕಿದರೆ ಆಫೀಸಿನ ಸರ್ವರ್ ಸಿಗುವುದಿಲ್ಲ. ಇದು ದೋಷವಲ್ಲ, ಒಂದು ರಕ್ಷಣೆ.

ಮೂರು ದಾರಿಗಳು

1. ರೂಟರ್‌ನಲ್ಲಿ ಬಾಗಿಲು ತೆರೆಯುವುದು. ಹೊರಗಿನಿಂದ 445ನೇ ಪೋರ್ಟಿಗೆ ಬಂದವರನ್ನು ನೇರವಾಗಿ ಸರ್ವರ್‌ಗೆ ಬಿಡು ಎಂದು ರೂಟರ್‌ಗೆ ಹೇಳಬಹುದು. ಇದು ಹತ್ತು ನಿಮಿಷದ ಕೆಲಸ, ಆದರೆ ಎಂದೂ ಮಾಡಬಾರದ ಕೆಲಸ. ನಮಗೆ ತೆರೆದ ಬಾಗಿಲು ಇಡೀ ಜಗತ್ತಿಗೂ ತೆರೆದಿರುತ್ತದೆ. 2017ರ ಮೇ 12ರಂದು ಹರಡಿದ 'ವನ್ನಾಕ್ರೈ' ಎಂಬ ದುಷ್ಟ ತಂತ್ರಾಂಶ ವಿಂಡೋಸ್‌ನ ಹಳೆಯ ಎಸ್‌ಎಂಬಿಯಲ್ಲಿದ್ದ ದೋಷವನ್ನೇ ಹಿಡಿದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಯಿತು. ಕಡತಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್‌ನಲ್ಲಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಅಪಾಯಿಂಟ್‌ಮೆಂಟ್‌ಗಳೇ ರದ್ದಾದವು. ಅದಕ್ಕೆ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿ, ಮೈಕ್ರೋಸಾಫ್ಟ್ ಆ ದೋಷಕ್ಕೆ ತಿದ್ದುಪಡಿ ಬಿಡುಗಡೆ ಮಾಡಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

2. ಕಂಪನಿಯದೇ ಕ್ಲೌಡ್ ಖಾತೆ. ಕಂಪನಿ ಹಣ ಕೊಟ್ಟು ಪಡೆದ ಖಾತೆಯಲ್ಲಿ ಕಡತ ಇದ್ದರೆ, ಯಾರು ಯಾವಾಗ ತೆರೆದರು ಎಂಬ ದಾಖಲೆ ಕಂಪನಿಯ ಕೈಯಲ್ಲಿ ಇರುತ್ತದೆ, ನೌಕರ ಬಿಟ್ಟುಹೋದರೆ ಖಾತೆ ಮುಚ್ಚಬಹುದು. ಇದು ಒಳ್ಳೆಯ ದಾರಿ. ನಾನು ಬಳಸಿದ್ದು ಕ್ಲೌಡ್ ಎಂಬುದು ತಪ್ಪಲ್ಲ, ಅದು ನನ್ನ ಖಾತೆ ಎಂಬುದೇ ತಪ್ಪು.

3. ವಿಪಿಎನ್ ಮೂಲಕ ಸರ್ವರ್‌ಗೇ ಹೋಗುವುದು. ಫೋನ್ ಮತ್ತು ಆಫೀಸಿನ ನಡುವೆ ಗೂಢಲಿಪಿಯ ಒಂದು ಸುರಂಗ ಮಾಡಿದರೆ ಫೋನ್ ಆಫೀಸಿನೊಳಗೇ ಕುಳಿತಂತೆ ಆಗುತ್ತದೆ. ಆಗ ಇಂಟರ್‌ಕಾಮ್ ಸಂಖ್ಯೆ ಕೆಲಸ ಮಾಡುತ್ತದೆ. ಆಪಾ ಅವರ ಕಂಪನಿ ಆರಿಸಿಕೊಂಡದ್ದು ಇದನ್ನು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಪ್ಲೇ ಸ್ಟೋರ್‌ನಲ್ಲಿ ಸಿಗುವ 'ಫ್ರೀ ವಿಪಿಎನ್'ಗಳು ಬೇರೆ. ಅವು ನಮ್ಮನ್ನು ಅವರ ಸರ್ವರ್‌ಗೆ ಒಯ್ಯುತ್ತವೆ, ನಮ್ಮ ಆಫೀಸಿಗಲ್ಲ. ಕೆಲಸದ ಫೋನಿನಲ್ಲಿ ಅವು ಇರಲೇಬಾರದು.

ಸುರಂಗ ಕಟ್ಟುವ ಕ್ರಮ

ಕಂಪನಿಯ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಆಪಾ 'ಸಿಸ್ಟಮ್ ಸರ್' ಎನ್ನುತ್ತಾರೆ. ಅವರು ಸ್ಪೀಕರ್ ಫೋನಿನಲ್ಲಿ ಹೇಳಿದರು, ಆಪಾ ಅವರ ಅನುಮತಿಯಿಂದ ನಾನು ಒತ್ತಿದೆ. ಅವರು ಬಳಸಿದ್ದು ವೈರ್‌ಗಾರ್ಡ್. ಜೇಸನ್ ಡೊನೆನ್‌ಫೆಲ್ಡ್ ಎಂಬವರು ರಚಿಸಿದ ಇದು 2020ರಲ್ಲಿ ಲಿನಕ್ಸ್ ಕರ್ನಲ್‌ನ ಭಾಗವಾಯಿತು. ಆ್ಯಂಡ್ರಾಯ್ಡ್, ಐಫೋನ್ ಎರಡಕ್ಕೂ ಉಚಿತ ಆ್ಯಪ್ ಇದೆ. 2001ರಿಂದ ಇರುವ ಓಪನ್‌ವಿಪಿಎನ್ ಕೂಡ ಅನೇಕ ಕಂಪನಿಗಳಲ್ಲಿದೆ. ನಿಮ್ಮ ಕಂಪನಿ ಯಾವುದು ಕೊಟ್ಟರೆ ಅದನ್ನೇ ಬಳಸಬೇಕು.

ಮೊದಲ ಹೆಜ್ಜೆ: ಆ್ಯಪ್ ಹಾಕಿ ಕೀಲಿ ಜೋಡಿ ತಯಾರಿಸುವುದು. ಒಂದು ಖಾಸಗಿ ಕೀಲಿ, ಒಂದು ಸಾರ್ವಜನಿಕ ಕೀಲಿ. ಖಾಸಗಿ ಕೀಲಿ ಫೋನಿನಲ್ಲೇ ಉಳಿಯಬೇಕು. ಸಾರ್ವಜನಿಕ ಕೀಲಿಯನ್ನು ಆಫೀಸಿಗೆ ಕೊಡಬೇಕು. ಬೀಗವನ್ನು ಅವರಿಗೆ ಕೊಟ್ಟು ಬೀಗದ ಕೈಯನ್ನು ನಾವೇ ಇಟ್ಟುಕೊಂಡ ಹಾಗೆ.

ಎರಡನೇ ಹೆಜ್ಜೆ: ಆಫೀಸಿನ ವಿವರ ತುಂಬುವುದು. ಅವರ ಸಾರ್ವಜನಿಕ ಕೀಲಿ, ಆಫೀಸಿನ ಹೊರಗಿನ ವಿಳಾಸ, ಪೋರ್ಟ್ (ವೈರ್‌ಗಾರ್ಡ್‌ಗೆ ಸಾಮಾನ್ಯವಾಗಿ 51820), ಸುರಂಗದೊಳಗೆ ನಮ್ಮ ಫೋನಿಗೆ ಕೊಟ್ಟ ವಿಳಾಸ. ಕೆಲವು ಕಂಪನಿಗಳು ಇದೆಲ್ಲವನ್ನೂ ಒಂದು ಕ್ಯೂಆರ್ ಕೋಡ್‌ನಲ್ಲಿ ಕೊಡುತ್ತವೆ. ಜೋಕೆ, ಆ ಕೋಡ್‌ನಲ್ಲಿ ಖಾಸಗಿ ಕೀಲಿಯೂ ಸೇರಿರುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುವುದೆಂದರೆ ಆಫೀಸಿನ ಬೀಗದ ಕೈಯ ನಕಲು ಹಂಚಿದಂತೆ.

ಮೂರನೇ ಹೆಜ್ಜೆ: 'ಅಲೋಡ್ ಐಪಿ' ಎಂಬ ಜಾಗ. ಅಲ್ಲಿ ಆಫೀಸಿನ ಜಾಲದ ವಿಳಾಸ ಮಾತ್ರ ಬರೆದರೆ ಆಫೀಸಿನ ಕೆಲಸವಷ್ಟೇ ಸುರಂಗದಲ್ಲಿ ಹೋಗುತ್ತದೆ. 0.0.0.0/0 ಎಂದು ಬರೆದರೆ ಅಮ್ಮಿ ನೋಡುವ ಅಡುಗೆ ವಿಡಿಯೋ ಕೂಡ ಕಂಪನಿಯ ಮೂಲಕವೇ ಬರುತ್ತದೆ. ಮನೆಯಲ್ಲಿ ಎಲ್ಲರೂ ಮುಟ್ಟುವ ಫೋನಿಗೆ ಮೊದಲನೆಯದೇ ಸರಿ ಎಂದು ಸಿಸ್ಟಮ್ ಸರ್ ನಿರ್ಧರಿಸಿದರು.

ಇಲ್ಲಿ ನಾವು ಅರ್ಧ ದಿನ ಕಳೆದುಕೊಂಡೆವು. ಸ್ವಿಚ್ ಒತ್ತಿದರೆ ಸುರಂಗ 'ಆನ್' ಎಂದು ತೋರಿಸುತ್ತಿತ್ತು, ಆದರೆ ಸರ್ವರ್ ಮಾತ್ರ ತೆರೆಯುತ್ತಿರಲಿಲ್ಲ. ವೈರ್‌ಗಾರ್ಡ್‌ನ ಸ್ವಭಾವ ಹಾಗೆ: ಆಚೆಯವರು ಉತ್ತರ ಕೊಡದಿದ್ದರೂ ಸ್ವಿಚ್ ಆನ್ ಆಗಿಯೇ ಇರುತ್ತದೆ. ನೋಡಬೇಕಾದದ್ದು ಸ್ವಿಚ್ ಅಲ್ಲ, ಸ್ವೀಕರಿಸಿದ ಡೇಟಾದ ಲೆಕ್ಕ. ಅದು ಸೊನ್ನೆಯಲ್ಲೇ ನಿಂತಿತ್ತು. ಕಾರಣ ನಾನೇ. ಸಾರ್ವಜನಿಕ ಕೀಲಿ 44 ಅಕ್ಷರಗಳ ಸಾಲು. ಅದನ್ನು ಫೋನಿನಲ್ಲಿ ಒಂದೊಂದೇ ಓದಿ ಹೇಳಿದ್ದೆ. ದೊಡ್ಡ 'ಓ' ಅಕ್ಷರವನ್ನು ನಾನು 'ಓ' ಎಂದೆ, ಅವರು ಸೊನ್ನೆ ಎಂದು ಬರೆದುಕೊಂಡರು. ಸಾರ್ವಜನಿಕ ಕೀಲಿ ಗುಟ್ಟಲ್ಲ. ಅದನ್ನು ನಕಲಿಸಿ ಆಫೀಸಿನ ಮೇಲ್‌ನಲ್ಲಿ ಕಳಿಸಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು.

ಇನ್ನೊಂದು ಮಾತು. ಮನೆಯ ರೂಟರ್ ಮತ್ತು ಆಫೀಸಿನ ಜಾಲ ಎರಡೂ 192.168.1 ಎಂದೇ ಇದ್ದರೆ ಸರ್ವರ್ ಮನೆಯಲ್ಲಿದೆಯೋ ಆಫೀಸಿನಲ್ಲಿದೆಯೋ ಎಂದು ಫೋನಿಗೆ ಗೊಂದಲವಾಗಬಹುದು. ಅದಕ್ಕೇ ಸಿಸ್ಟಮ್ ಸರ್ ಆಫೀಸಿನ ಜಾಲಕ್ಕೆ 10ರಿಂದ ಶುರುವಾಗುವ, ಮನೆಗಳಲ್ಲಿ ಅಪರೂಪವಾದ ವಿಳಾಸ ಕೊಟ್ಟಿದ್ದರು. ಮೊಬೈಲ್ ಡೇಟಾದಲ್ಲಿ ತೆರೆದು ವೈಫೈನಲ್ಲಿ ತೆರೆಯದಿದ್ದರೆ ಇದನ್ನು ಮೊದಲು ಅನುಮಾನಿಸಿ.

ಫೋಲ್ಡರ್ ತೆರೆಯುವುದು

ಸುರಂಗ ಸಿದ್ಧವಾದ ಮೇಲೆ ಕಡತ ತೋರಿಸುವ ಆ್ಯಪ್ ಬೇಕು. ಐಫೋನ್‌ನ 'ಫೈಲ್ಸ್' ಆ್ಯಪ್‌ನಲ್ಲಿ 2019ರ ಐಓಎಸ್ 13ರಿಂದ ಈ ಸೌಲಭ್ಯ ಇದೆ. ಮೂರು ಚುಕ್ಕಿ ಒತ್ತಿ 'ಕನೆಕ್ಟ್ ಟು ಸರ್ವರ್' ಆರಿಸಿ ವಿಳಾಸ ಬರೆಯಬೇಕು. ಆ್ಯಂಡ್ರಾಯ್ಡ್‌ನಲ್ಲಿ ಎಲ್ಲ ಫೋನುಗಳ ಜೊತೆ ಇದು ಬರುವುದಿಲ್ಲ. ಸಾಲಿಡ್ ಎಕ್ಸ್‌ಪ್ಲೋರರ್, ಸಿಎಕ್ಸ್ ಫೈಲ್ ಎಕ್ಸ್‌ಪ್ಲೋರರ್‌ನಂತಹ ಆ್ಯಪ್‌ಗಳಲ್ಲಿ ಎಸ್‌ಎಂಬಿ ಸೇರಿಸುವ ಅವಕಾಶ ಇದೆ. ಯಾವುದನ್ನು ಹಾಕಬೇಕೆಂದು ಕಂಪನಿಯನ್ನು ಕೇಳಿಯೇ ಹಾಕಬೇಕು. ಏಕೆಂದರೆ ಪಾಸ್‌ವರ್ಡ್ ಹೋಗುವುದು ಆ ಆ್ಯಪ್‌ನ ಕೈಗೆ.

ಗಮನಿಸಬೇಕಾದ ಅಂಶಗಳು ಇವು:

- ಸರ್ವರ್‌ನ ಹೆಸರು ಹಾಕಿದಾಗ ಸಿಗದಿದ್ದರೆ ಅಂಕಿಯ ವಿಳಾಸ ಹಾಕಿ ನೋಡಿ. ಹೆಸರನ್ನು ವಿಳಾಸವಾಗಿ ಬದಲಿಸುವ ಆಫೀಸಿನ ಡಿಎನ್‌ಎಸ್ ಸುರಂಗದಲ್ಲಿ ಹೊಂದಿಸಿರದಿದ್ದರೆ ಹೀಗಾಗುತ್ತದೆ.

- ಎಸ್‌ಎಂಬಿ 1 ಆರಿಸಬೇಡಿ. 2 ಅಥವಾ 3 ಇರಬೇಕು. ವನ್ನಾಕ್ರೈ ಹಿಡಿದದ್ದು 1ನ್ನು. ಗೂಢಲಿಪಿಯ ಸೌಲಭ್ಯ ಬಂದದ್ದು 3ರಲ್ಲಿ.

- ಫೋನಿನಲ್ಲಿ ಎಕ್ಸೆಲ್ ಫೈಲ್ ತೆರೆದಾಗ ಅನೇಕ ಸಲ ತೆರೆಯುವುದು ಒಂದು ನಕಲು. ಅದರಲ್ಲಿ ತಿದ್ದಿದ್ದು ಸರ್ವರ್‌ಗೆ ಹೋಗಿದೆಯೇ ಎಂದು ಮತ್ತೆ ತೆರೆದು ನೋಡಿ. ಉಳಿದ ನಕಲನ್ನು ಅಳಿಸಿ.

- ಟ್ಯಾಲಿಯ ಡೇಟಾ ಫೋಲ್ಡರನ್ನು ಹೀಗೆ ತೆರೆಯಲು ಹೋಗಬೇಡಿ. ಅದು ಬಿಡಿ ಕಡತಗಳಲ್ಲ, ಟ್ಯಾಲಿಗೆ ಮಾತ್ರ ಓದಲು ಬರುವ ಪುಸ್ತಕ. ಒಂದು ಫೈಲ್ ಜಾಗ ಬದಲಿಸಿದರೂ ಲೆಕ್ಕ ಕೆಡಬಹುದು. ಬೇಕಾದ ವರದಿಯನ್ನು ಪಿಡಿಎಫ್ ಮಾಡಿ ಹಂಚಿದ ಫೋಲ್ಡರಿನಲ್ಲಿ ಇಡಲು ಆಫೀಸಿನವರಿಗೆ ಹೇಳಿ. ಆಪಾ ಹಾಗೆಯೇ ಮಾಡಿಸಿದರು.

ಫೋನೇ ಕಳೆದುಹೋದರೆ?

ನಮ್ಮ ಮನೆಗಳಲ್ಲಿ ಫೋನ್ ಒಬ್ಬರದಲ್ಲ. ತಮ್ಮ ಆಟವಾಡುತ್ತಾನೆ, ಖಾಲಾ ಬಂದರೆ ಊರಿಗೆ ಮಾತಾಡುತ್ತಾರೆ. ಆದ್ದರಿಂದ ಸ್ಕ್ರೀನ್ ಲಾಕ್ ಹಾಕಿ, ಕೆಲಸ ಮುಗಿದ ಕೂಡಲೇ ಸುರಂಗ ಮುಚ್ಚುವ ರೂಢಿ ಮಾಡಿಕೊಳ್ಳಬೇಕು. ಸರ್ವರ್‌ನ ಪಾಸ್‌ವರ್ಡನ್ನು ಆ್ಯಪ್‌ನಲ್ಲಿ ಉಳಿಸಬಾರದು. ಆ್ಯಂಡ್ರಾಯ್ಡ್‌ನಲ್ಲಿ 'ವರ್ಕ್ ಪ್ರೊಫೈಲ್' ಎಂಬ ಪ್ರತ್ಯೇಕ ಕೋಣೆ ಇದೆ. ಕಂಪನಿ ಅದನ್ನು ಕೊಟ್ಟರೆ ಆಫೀಸಿನ ಆ್ಯಪ್‌ಗಳೂ ಕಡತಗಳೂ ಮನೆಯ ಫೋಟೋಗಳಿಂದ ಬೇರೆಯಾಗಿರುತ್ತವೆ.

ಫೋನ್ ಕಳೆದರೆ ಮುಚ್ಚಿಡದೆ ಆ ಕ್ಷಣವೇ ತಿಳಿಸಬೇಕು. ಸಿಸ್ಟಮ್ ಸರ್ ಆ ಒಂದು ಫೋನಿನ ಸಾರ್ವಜನಿಕ ಕೀಲಿಯನ್ನು ಪಟ್ಟಿಯಿಂದ ಅಳಿಸಿದರೆ ಅದಕ್ಕೆ ಬಾಗಿಲು ಮುಚ್ಚಿತು, ಉಳಿದವರ ಕೆಲಸಕ್ಕೆ ತೊಂದರೆ ಇಲ್ಲ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಟ್ಟಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ನಮ್ಮ ಪಠ್ಯಕ್ಕೂ ಇದಕ್ಕೂ ಇರುವ ಸಂಬಂಧ

2013ರ ಕಂಪನಿ ಕಾಯ್ದೆಯ 128ನೇ ಕಲಂ ಪ್ರಕಾರ ಲೆಕ್ಕದ ಪುಸ್ತಕಗಳನ್ನು ಕನಿಷ್ಠ 8 ವರ್ಷ ಕಾಪಾಡಬೇಕು. ಅವು ವಿದ್ಯುನ್ಮಾನ ರೂಪದಲ್ಲಿದ್ದರೆ ಭಾರತದಲ್ಲಿ ಸದಾ ನೋಡಲು ಸಿಗುವಂತಿರಬೇಕು, ದಿನವೂ ಬ್ಯಾಕಪ್ ಆಗಬೇಕು, ಆ ಬ್ಯಾಕಪ್ ಇರುವ ಸರ್ವರ್ ಭಾರತದಲ್ಲೇ ಇರಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯ ಜಾಡು ದಾಖಲಾಗಬೇಕು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರಿನಿಂದ ಮಾಹಿತಿ ನಕಲು ಮಾಡುವುದಕ್ಕೆ ಪರಿಹಾರ ಕೊಡಬೇಕೆನ್ನುತ್ತದೆ. ಅದನ್ನೇ ವಂಚನೆಯ ಉದ್ದೇಶದಿಂದ ಮಾಡಿದರೆ 66ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಾನು ಪೆನ್‌ಡ್ರೈವ್ ಹಿಡಿದಾಗ ಇದ್ಯಾವುದೂ ನನಗೆ ಗೊತ್ತಿರಲಿಲ್ಲ.

ಆದರೆ ತಪ್ಪು ಒಂದೇ ಕಡೆಯದೇ? ವ್ಯವಹಾರ ಅಧ್ಯಯನದಲ್ಲಿ ಹೆನ್ರಿ ಫಯೋಲರ 14 ತತ್ವಗಳನ್ನು ಓದಿದ್ದೇವೆ. ಅದರಲ್ಲಿ ಒಂದು, ಅಧಿಕಾರ ಮತ್ತು ಜವಾಬ್ದಾರಿ ಸಮವಾಗಿರಬೇಕು ಎಂಬುದು. ಪರೀಕ್ಷೆಗೆ ಐದು ಸಲ ಬರೆದಿದ್ದರೂ ಅದರ ಅರ್ಥ ನನಗೆ ತಿಳಿದದ್ದು ಆ ವಾರ. ಆಪಾಗೆ ಬಿಲ್ಲು ತಾಳೆ ನೋಡುವ ಜವಾಬ್ದಾರಿ ಕೊಟ್ಟಿದ್ದರು, ಬಿಲ್ಲು ನೋಡುವ ದಾರಿ ಕೊಟ್ಟಿರಲಿಲ್ಲ. ಸರಿಯಾದ ದಾರಿ ಇಲ್ಲದ ಕಡೆ ಜನ ಅಡ್ಡದಾರಿ ಹುಡುಕುತ್ತಾರೆ. ಆಪಾ ಎಚ್ಚರಿಕೆ ಪತ್ರಕ್ಕೆ ಉತ್ತರ ಬರೆಯುವಾಗ ಮೊದಲು ತಪ್ಪು ಒಪ್ಪಿಕೊಂಡರು, ನಂತರ ಇದನ್ನೂ ಬರೆದರು. ಮ್ಯಾನೇಜರ್ ಓದಿ ಎರಡು ದಿನದಲ್ಲಿ ಸಿಸ್ಟಮ್ ಸರ್‌ಗೆ ಹೇಳಿದರು. ಈಗ ಆಪಾಗೆ ಎರಡು ಫೋಲ್ಡರ್ ಕಾಣುತ್ತವೆ. ಬಿಲ್ಲಿನ ಫೋಲ್ಡರ್‌ನಲ್ಲಿ ಓದಲು ಮಾತ್ರ ಹಕ್ಕು, ತಾಳೆಪಟ್ಟಿಯ ಫೋಲ್ಡರ್‌ನಲ್ಲಿ ಬರೆಯಲೂ ಹಕ್ಕು. ಡೀಲರ್‌ಗಳ ರಿಯಾಯಿತಿ ದರ ಇರುವ ಫೈಲು ಫೋನಿನಲ್ಲಿ ಕಾಣುವುದೇ ಇಲ್ಲ. ಆ ಕೆಲಸಕ್ಕೆ ಅದು ಬೇಕಾಗಿಯೂ ಇರಲಿಲ್ಲ.

ನೆನಪಿಡಲು

ಕೆಲಸಕ್ಕೆ ಸೇರಿದಾಗ ಈ ಐದು ಪ್ರಶ್ನೆ ಕೇಳಿ. ಹೊರಗಿನಿಂದ ಕಡತ ನೋಡಲು ಕಂಪನಿ ಕೊಟ್ಟ ದಾರಿ ಯಾವುದು? ನನಗೆ ಯಾವ ಫೋಲ್ಡರ್, ಓದಲೋ ಬರೆಯಲೋ? ನನ್ನ ಫೋನಿನಲ್ಲಿ ಉಳಿಯುವ ನಕಲು ಎಲ್ಲಿ ಹೋಗುತ್ತದೆ? ಫೋನ್ ಕಳೆದರೆ ಯಾರಿಗೆ ಹೇಳಬೇಕು? ನಾನು ಕೆಲಸ ಬಿಟ್ಟಾಗ ನನ್ನ ಕೀಲಿಯನ್ನು ಅಳಿಸುವವರು ಯಾರು? ಉತ್ತರ ಸಿಗದಿದ್ದರೆ ಬರವಣಿಗೆಯಲ್ಲಿ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ನಾವು ಕೇಳಿರಲಿಲ್ಲ.

ಜಿಎಸ್‌ಟಿಆರ್-1 ಈ ಸಲ 10ನೇ ತಾರೀಖಿಗೇ ಸಲ್ಲಿಕೆಯಾಯಿತು. ಅಮ್ಮಿ ಈಗ ಗೋಡೆ ಹಿಡಿದು ಅಡುಗೆಮನೆಯವರೆಗೆ ನಡೆಯುತ್ತಾರೆ. ನನ್ನ ಕ್ಲೌಡ್ ಖಾತೆಯಿಂದ ಆ ಎರಡು ಫೈಲುಗಳನ್ನೂ ಕಸದ ಬುಟ್ಟಿಯನ್ನೂ ಆಪಾ ಮುಂದೆಯೇ ಕೂತು ಖಾಲಿ ಮಾಡಿದೆ. ಆದರೆ ಎಚ್ಚರಿಕೆ ಪತ್ರದ ಒಂದು ಪ್ರತಿ ಆಪಾ ಅವರ ಸೇವಾ ಕಡತದಲ್ಲಿ ಇನ್ನೂ ಇದೆ. ಅದನ್ನು ಅಳಿಸುವ ಬಟನ್ ನನ್ನ ಬಳಿ ಇಲ್ಲ.